ಕನಕಪ್ಪ ಇಳಿದ ದಂಡೆ

ಮಲಯಾ ದೇಶ
೨ ಅಕ್ಟೋಬರ್ ೧೯೪೫

ಪಾರ್ವತಕ್ಕನಿಗೆ,

ಸಮುದ್ರದ ಈಚೆಯಿಂದಲೇ ನಿನ್ನ ಪಾದ ಮುಟ್ಟಿ ತಮ್ಮ ಹಂಪಣ್ಣ ಬರೆಯುವುದು. ನಾನು ಆರೋಗ್ಯವಾಗಿದ್ದೇನೆ. ಎರಡು ತಿಂಗಳಿಂದ ನನ್ನ ಕಾಗದವಿಲ್ಲವೆಂದು ನೀನೂ ಕೊಟ್ರಬಸಪ್ಪ ಮಾವನವರೂ ಎಷ್ಟು ಚಿಂತೆ ಮಾಡಿದ್ದೀರೋ. ಕುಕನೂರಿನಲ್ಲಿ ಅವ್ವ ಸರಿಯಾಗಿ ಉಣ್ಣದೆ ಕೂತಿರಬೇಕು. ತಪ್ಪಾಯಿತು. ಹಡಗಿನಲ್ಲಿ ಇದ್ದಷ್ಟು ದಿನ ಯಾರಿಗೂ ಬರೆಯುವಂತಿರಲಿಲ್ಲ. ಈಗಲೂ ನಮ್ಮ ಕಾಗದಗಳನ್ನು ಮೇಲಿನವರು ಒಡೆದು ಓದಿಯೇ ಕಳಿಸುವುದರಿಂದ ಊರಿನ ಹೆಸರು ಬರೆಯಲಾರೆ.

ಇಲ್ಲಿ ದಿನಾ ಮಳೆ. ತೆಂಗಿನ ಮರಗಳು ಬಹಳ. ಜೋಳದ ರೊಟ್ಟಿ ಕಂಡು ಎರಡು ವರ್ಷವಾಯಿತು. ಯುದ್ಧ ಮುಗಿದಿದೆ, ಇನ್ನು ನನ್ನ ಚಿಂತೆ ಬೇಡ.

ಬರೆಯಬೇಕಾದ ಇನ್ನೊಂದು ಮಾತಿದೆ. ನಿಮ್ಮ ಊರಿನ ಕನಕಪ್ಪ, ನನ್ನ ಜೊತೆಗೆ ಪಲ್ಟಣ ಸೇರಿದವನು, ನಾವು ಈ ದೇಶದ ದಂಡೆಗೆ ಇಳಿದ ದಿನವೇ ತೀರಿಕೊಂಡ. ಸರಕಾರದ ಕಾಗದ ಅವನ ಹೆಂಡತಿ ದುರುಗವ್ವನಿಗೆ ಮುಟ್ಟಿರಬಹುದು. ಅದು ಇಂಗ್ಲೀಷಿನಲ್ಲಿರುತ್ತದೆ, ಅದರಲ್ಲಿ ಏನೂ ತಿಳಿಯುವುದಿಲ್ಲ. ನೀನೇ ಅವಳ ಮನೆಗೆ ಹೋಗಿ ಹೇಳು. ಅವನು ಶೂರನಂತೆ ಸತ್ತ. ಶತ್ರುವಿನ ಗುಂಡು ಎದೆಗೆ ಬಿತ್ತು. ನೋವು ಪಡಲಿಲ್ಲ. ನಾನು ಹತ್ತಿರವೇ ಇದ್ದೆ. ಕೊನೆಗೆ ದುರುಗವ್ವನ ಹೆಸರು ತೆಗೆದ.

ಇದಕ್ಕಿಂತ ಹೆಚ್ಚು ಬರೆಯಲು ಕೈ ಬರುತ್ತಿಲ್ಲ. ಮಾವನವರಿಗೆ ನಮಸ್ಕಾರ. ನಿನ್ನ ಮಗಳಿಗೆ ನನ್ನ ಮುತ್ತು.

ನಿನ್ನ ತಮ್ಮ
ಹಂಪಣ್ಣ


ಮಲಯಾ ದೇಶ
೧೮ ಜನವರಿ ೧೯೪೬

ನನ್ನನ್ನು ಎತ್ತಿ ಬೆಳೆಸಿದ ಪಾರ್ವತಕ್ಕನಿಗೆ,

ಹಂಪಣ್ಣನ ನಮಸ್ಕಾರ. ನಿನ್ನ ಮೂರು ಪತ್ರಗಳೂ ಮುಟ್ಟಿವೆ. ಒಂದಕ್ಕೂ ಉತ್ತರ ಬರೆಯಲಿಲ್ಲ. ಪುರಸತ್ತು ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಯುದ್ಧವಿಲ್ಲದ ಪಲ್ಟಣದಲ್ಲಿ ಪುರಸತ್ತು ಬಿಟ್ಟರೆ ಮತ್ತೇನೂ ಇಲ್ಲ. ಹಾಳೆ ತೆಗೆದು ನಿನ್ನ ಹೆಸರು ಬರೆಯುತ್ತಿದ್ದೆ, ಮತ್ತೆ ಮಡಚಿಡುತ್ತಿದ್ದೆ. ಹಾಗೆ ನಿನ್ನ ಹೆಸರಷ್ಟೇ ಇರುವ ಹಾಳೆಗಳು ನನ್ನ ಪೆಟ್ಟಿಗೆಯಲ್ಲಿ ಹತ್ತೋ ಹನ್ನೊಂದೋ ಇವೆ.

ಈ ಪತ್ರ ಅಂಚೆಯಲ್ಲಿ ಬರುವುದಿಲ್ಲ. ಗಂಗಾವತಿಯ ಮಲಿಕಸಾಬ ನಮ್ಮ ಪಲ್ಟಣದಲ್ಲಿ ಅಡುಗೆ ಮಾಡುತ್ತಿದ್ದವನು, ಅವನಿಗೆ ಬಿಡುಗಡೆಯಾಗಿದೆ. ಅಂಗಿಯ ಒಳಗೆ ಹೊಲಿದುಕೊಂಡು ಒಯ್ದು ನಿನ್ನ ಕೈಗೇ ಕೊಡುತ್ತೇನೆಂದು ಮಾತು ಕೊಟ್ಟಿದ್ದಾನೆ. ಅವನಿಗೆ ಊಟ ಹಾಕಿ ಕಳಿಸು. ಪತ್ರದಲ್ಲಿ ಏನಿದೆಯೆಂದು ಅವನಿಗೆ ಗೊತ್ತಿಲ್ಲ.

ನಿನ್ನ ಕಡೆಯ ಪತ್ರ ಸಂಕ್ರಮಣದ ದಿನವೇ ಬಂತು. ಅವ್ವನ ಮೊಣಕಾಲು ನೋವು ಇಳಿದದ್ದು ಓದಿ ಸಂತೋಷವಾಯಿತು. ಹೊಳೆಯ ಅಣೆಕಟ್ಟಿನ ಕಚೇರಿಯಲ್ಲಿ ನನಗೆ ನಕಾಶೆ ಬರೆಯುವ ಕೆಲಸ ಕೊಡಿಸಲು ಮಾವನವರು ಕೊಪ್ಪಳಕ್ಕೆ ಎರಡು ಸಲ ಹೋಗಿಬಂದದ್ದೂ ತಿಳಿಯಿತು. ಆ ಕೆಲಸದ ಮಾತು ಆಮೇಲೆ ಬರೆಯುತ್ತೇನೆ. ಅದೇ ಪತ್ರದಲ್ಲಿ ದುರುಗವ್ವ ಹೇಳಿದ್ದನ್ನು ಅವಳ ಬಾಯಲ್ಲಿ ಬಂದ ಹಾಗೆಯೇ ಬರೆದಿದ್ದೀ.

‘ನನ್ನ ಗಂಡ ಎದಿಗೆ ಗುಂಡು ತಗೊಂಡಾನ, ಬೆನ್ನಿಗಲ್ಲ. ಹಂಪಣ್ಣಾರು ಹತ್ರ ಇದ್ರಂತ, ನನಗ ಅಷ್ಟ ಸಾಕ್ರೀ ಅಕ್ಕಾರ. ಮತ್ತೊಂದ್ ಸಲಾ ಕೇಳಿ ಬರೀರಿ. ನನ್ನ ಹೆಸರ ಹೆಂಗ ತಗದ್ನಂತ? ಪೂರಾ ದುರುಗವ್ವ ಅಂದ್ನೋ, ದುರುಗಿ ಅಂದ್ನೋ?’

ಹನುಮಪ್ಪನ ಗುಡಿಯ ಮುಂದೆ ಕನಕಪ್ಪನ ಹೆಸರಿನಲ್ಲಿ ಕಲ್ಲು ನಿಲ್ಲಿಸಬೇಕೆಂದು ಊರವರು ಮಾತಾಡಿಕೊಂಡದ್ದನ್ನೂ ಬರೆದಿದ್ದೀ. ಕೈಯಲ್ಲಿ ಬಂದೂಕು ಹಿಡಿದ ಹಾಗೆ ಕೆತ್ತಲು ಕುಷ್ಟಗಿಯ ಕಲ್ಲುಕುಟಿಗನಿಗೆ ವೀಳ್ಯ ಕೊಟ್ಟಾಗಿದೆಯಂತೆ.

ಅಕ್ಕ, ಕಲ್ಲು ಕೆತ್ತುವುದನ್ನು ನಿಲ್ಲಿಸು. ಈ ಪತ್ರ ಮುಟ್ಟಿದ ದಿನವೇ ಮಾವನವರನ್ನು ಕುಷ್ಟಗಿಗೆ ಕಳಿಸು. ಕನಕಪ್ಪನಿಗೆ ಯಾವ ಗುಂಡೂ ಬೀಳಲಿಲ್ಲ. ಅವನ ಕೈಯಲ್ಲಿ ಬಂದೂಕೂ ಇರಲಿಲ್ಲ. ನಾವು ಇಳಿದ ದಂಡೆಯಲ್ಲಿ ಶತ್ರುವೇ ಇರಲಿಲ್ಲ. ಯುದ್ಧ ಮುಗಿದು ಮೂರು ವಾರದ ಮೇಲಾಗಿತ್ತು. ಹಿಂದಿನ ಪತ್ರದಲ್ಲಿ ನಾನು ಬರೆದದ್ದರಲ್ಲಿ ಅವನು ಸತ್ತದ್ದೂ ನಾನು ಹತ್ತಿರ ಇದ್ದದ್ದೂ ಎರಡೇ ನಿಜ.

ಇನ್ನು ಮೊದಲಿನಿಂದ ಹೇಳುತ್ತೇನೆ. ನಡುವೆ ನಿಲ್ಲಿಸದೆ ಓದು.

ಹೊಳೆಗೆ ಅಣೆಕಟ್ಟು ಕಟ್ಟಲೆಂದು ಮೋಜಣಿ ನಡೆದಾಗ ನಾನು ನಕಾಶೆ ಬರೆಯುವವನಾಗಿದ್ದೆ, ಕನಕಪ್ಪ ನಮ್ಮ ತಂಡದಲ್ಲಿ ನೆಲ ಅಳೆಯುವ ಸರಪಳಿ ಎಳೆಯುತ್ತಿದ್ದ. ನನಗಿಂತ ಐದು ವರ್ಷ ದೊಡ್ಡವನು. ಆದರೂ ನಿನ್ನ ತಮ್ಮನೆಂದು, ನಾಲ್ಕಕ್ಷರ ಕಲಿತವನೆಂದು, ನನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದ. ನೆಲ ಎಂಥದೆಂದು ಅವನ ಅಂಗಾಲಿಗೆ ಗೊತ್ತಾಗುತ್ತಿತ್ತು. ಒಮ್ಮೆ ಆನೆಗುಂದಿಯ ಕೆಳಗೆ ಹೊಳೆಯ ಪಾತ್ರದಲ್ಲಿ ನಾನು ದುರ್ಬೀನಿನ ಮುಕ್ಕಾಲಿಯನ್ನು ಹೊತ್ತು ಮುಂದೆ ನಡೆದಾಗ ಹಿಂದಿನಿಂದ ನನ್ನ ಅಂಗಿ ಹಿಡಿದು ಜಗ್ಗಿದ.

‘ಮ್ಯಾಲ ಉಸುಕು ಕಾಣ್ತೈತ್ರಿ, ಒಳಗ ಹುದುಲು ಐತಿ. ಅಲ್ಲಿ ಕಾಲಿಟ್ರ ಮೊಳಕಾಲು ಮಟ ಹೊಕ್ಕೀರಿ.’

ಬಿದಿರು ಕೋಲು ಚುಚ್ಚಿ ತೋರಿಸಿದ. ಅರ್ಧ ಕೋಲು ಸದ್ದಿಲ್ಲದೆ ಒಳಗೆ ಹೋಯಿತು. ನೆಲದ ವಿದ್ಯೆ ಅವನಿಗಿತ್ತು, ನನಗಿದ್ದದ್ದು ಕಾಗದದ ವಿದ್ಯೆ ಮಾತ್ರ.

ಮೋಜಣಿ ನಿಂತುಹೋದಾಗ ಬಳ್ಳಾರಿಯಲ್ಲಿ ಪಲ್ಟಣಕ್ಕೆ ಜನ ಬೇಕೆಂಬ ಸುದ್ದಿ ಬಂತು. ಹೋಗೋಣವೆಂದು ಹೇಳಿದವನು ನಾನೇ. ದುರುಗವ್ವ ನಿನ್ನ ಮನೆಯ ಕಟ್ಟೆಗೆ ಬಂದು ಅತ್ತದ್ದು ನಿನಗೆ ನೆನಪಿರಬೇಕು. ಅವಳಿಗೆ ನಾನು ಏನು ಹೇಳಿದೆ? ‘ಅಂವಾ ಲಾರಿ ಹೊಡಿಯಾಂವ ಆಗ್ತಾನವ್ವಾ, ಹಿಂದಿಂದ ಸಾಮಾನ ಒಯ್ಯಾಂವ. ಲಡಾಯಿ ಅವನ ಹತ್ರ ಸೈತ ಬರಂಗಿಲ್ಲ.’ ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೋದಳು. ನನ್ನ ಮಾತನ್ನು ನಂಬಿ ಹೋದಳು.

ಬಳ್ಳಾರಿಯಲ್ಲಿ ಒಂದು ತಮಾಷೆ ನಡೆಯಿತು. ಊರು ಯಾವುದೆಂದು ಕೇಳಿದಾಗ ಕನಕಪ್ಪ ನಿಮ್ಮ ಹಳ್ಳಿಯ ಹೆಸರನ್ನೇ ಹೇಳಿದ, ಮಂಗಳೂರು ಎಂದ. ಬರೆದುಕೊಳ್ಳುತ್ತಿದ್ದ ಗುಮಾಸ್ತ ಅದನ್ನು ಸಮುದ್ರದ ಮಂಗಳೂರೆಂದು ತಿಳಿದು ‘ನೀರಿನ ರೂಢಿ ಇದೆ’ ಎಂದು ಬರೆದುಬಿಟ್ಟ. ಯಲಬುರ್ಗಿಯ ಎರೆಹೊಲ ಬಿಟ್ಟರೆ ಬೇರೆ ಏನೂ ಕಾಣದವನನ್ನು ಹಡಗಿನಿಂದ ದಂಡೆಗೆ ಲಾರಿ ಇಳಿಸುವ ಕಂಪನಿಗೆ ಹಾಕಿದರು. ಮೊದಲ ಸಲ ಸಮುದ್ರ ಕಂಡ ದಿನ ಅವನು, ‘ಹಂಪಣ್ಣಾರ, ಇದಕ್ಕ ಆಚಿ ದಂಡಿ ಐತೋ ಇಲ್ಲೋ?’ ಎಂದು ಕೇಳಿದ. ನಾವಿಬ್ಬರೂ ಬಹಳ ನಕ್ಕೆವು.

ಹೋದ ವರ್ಷ ಮಾಘದ ಹೊತ್ತಿಗೆ ನನ್ನನ್ನು ಮುಂಬಯಿಯ ಒಂದು ಕಚೇರಿಗೆ ಕರೆಸಿದರು. ಬಾಗಿಲಲ್ಲಿ ಕಾವಲು, ಕಿಟಕಿಗಳಿಗೆಲ್ಲ ಕರಿ ಬಟ್ಟೆ. ಒಳಗೆ ಏನು ನಡೆಯುತ್ತಿದೆಯೆಂದು ಹೊರಗೆ ಬಾಯಿ ಬಿಟ್ಟರೆ ಸೆರೆಮನೆ. ಮಲಯಾದ ಪಡುವಣ ದಂಡೆಗೆ ಒಂದು ದೊಡ್ಡ ಸೈನ್ಯವನ್ನು ಇಳಿಸುವ ಏರ್ಪಾಡು ಅಲ್ಲಿ ನಡೆದಿತ್ತು. ನೀನು ಸಮುದ್ರ ನೋಡಿಲ್ಲ, ಹೀಗೆ ತಿಳಿದುಕೋ. ನಿನ್ನ ಮದುವೆಗೆ ಅಪ್ಪ ಕುಕನೂರಿನಿಂದ ಹದಿನಾಲ್ಕು ಬಂಡಿ ಹೂಡಿಸಿದ್ದ. ಯಾವ ಬಂಡಿಯಲ್ಲಿ ಹಿರಿಯರು, ಯಾವುದರಲ್ಲಿ ಪಾತ್ರೆ, ಯಾವುದು ಮುಂದೆ ಹೋಗಬೇಕು, ಹಳ್ಳ ದಾಟುವಾಗ ಯಾವುದು ನಿಲ್ಲಬೇಕು ಎಂದು ಮೂರು ದಿನ ತಲೆ ಕೆಡಿಸಿಕೊಂಡಿದ್ದ. ಇಲ್ಲಿ ಅಂಥ ಬಂಡಿಗಳು ಸಾವಿರಾರು, ಹಳ್ಳದ ಬದಲು ಸಮುದ್ರ. ಯಾವ ದೋಣಿ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ದಂಡೆ ಮುಟ್ಟಬೇಕು, ಅದರಿಂದ ಮೊದಲು ಇಳಿಯುವ ಲಾರಿ ಯಾವುದು, ಅದರಲ್ಲಿ ನೀರಿನ ಡಬ್ಬಿ ಎಷ್ಟು, ಔಷಧ ಎಷ್ಟು ಎಂದು ಗೋಡೆ ತುಂಬ ಪಟ್ಟಿಗಳು. ಸಮುದ್ರದ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರುತ್ತಿರುವಾಗಲೇ ಇಳಿಸಬೇಕು, ಇಲ್ಲದಿದ್ದರೆ ದೋಣಿಗಳು ದಂಡೆಯಲ್ಲೇ ಸಿಕ್ಕಿಬೀಳುತ್ತವೆ. ನಡುಮನೆಯಲ್ಲಿ ಜೇಡಿಮಣ್ಣಿನಿಂದ ಆ ದಂಡೆಯನ್ನೇ ಮಾಡಿಟ್ಟಿದ್ದರು, ತೆಂಗಿನ ಮರಗಳ ಬದಲು ಗುಂಡುಸೂಜಿ ಚುಚ್ಚಿದ್ದರು. ಅದರ ಸುತ್ತ ನಿಂತು ಸಾಹೇಬರುಗಳು ಬೆತ್ತದಿಂದ ತೋರಿಸುತ್ತ ಮಾತಾಡುತ್ತಿದ್ದರು.

ನನ್ನ ಕೆಲಸ ದಂಡೆಯ ನಕಾಶೆ. ಮೇಜರ್ ಪ್ರೆಂಟಿಸ್ ಎಂಬ ಸಾಹೇಬರು ಪೆನ್ಸಿಲಿನಿಂದ ಮೂಲ ಹಾಳೆ ಸಿದ್ಧಮಾಡಿ ಕೊಡುತ್ತಿದ್ದರು. ಅದರ ಮೇಲೆ ತೆಳು ಬಟ್ಟೆ ಹಾಸಿ ನಾನು ಮಸಿಯಲ್ಲಿ ತೆಗೆಯಬೇಕು. ಅದನ್ನು ಅಚ್ಚು ಹಾಕಿ ಎಲ್ಲ ಕಂಪನಿಗಳಿಗೆ ಹಂಚುತ್ತಿದ್ದರು. ನನ್ನ ಮೇಲೆ ಕುಷ್ಟಗಿಯ ಮಕ್ಬುಲಸಾಬರು, ಮುಖ್ಯ ನಕಾಶೆಗಾರರು. ನಮ್ಮ ಭಾಷೆ ಕೇಳಿದರೆ ಸಾಕು, ಅವರ ಮುಖ ಅರಳುತ್ತಿತ್ತು. ನನ್ನನ್ನು ಸ್ವಂತ ತಮ್ಮನಂತೆ ನೋಡಿಕೊಂಡರು.

ಭಾನುವಾರ ಕನಕಪ್ಪ ತನ್ನ ಕ್ಯಾಂಪಿನಿಂದ ಬಂದು ಗೇಟಿನ ಹೊರಗೆ ಕೂರುತ್ತಿದ್ದ. ಪುಟಾಣಿ ತರುತ್ತಿದ್ದ. ನೀನು ಬರೆದ ಕಾಗದದಲ್ಲಿ ದುರುಗವ್ವನ ಮಾತಿದ್ದರೆ ನಾನು ಎರಡು ಸಲ ಓದಬೇಕು. ಒಂದು ಭಾನುವಾರ ಕೇಳಿದ:

‘ಹಂಪಣ್ಣಾರ, ಎಲ್ಲಿಗೆ ಹೊಂಟೇವ್ರಿ ನಾವು?’

‘ಅದನ್ನ ಹೇಳಂಗಿಲ್ಲೋ ಕನಕಾ.’

‘ಬ್ಯಾಡ ಬಿಡ್ರಿ. ದಾರಿ ಬರ್ಯಾವ್ರು ನೀವು ಅದೀರಿ, ನನಗ್ಯಾಕ ಚಿಂತಿ?’

ಆಷಾಢದಲ್ಲಿ ಕೆಲಸ ಮೈಮೇಲೆ ಬಿತ್ತು. ಎಂಟು ಹಾಳೆಗಳನ್ನು ನಾಲ್ಕು ದಿನದಲ್ಲಿ ಮುಗಿಸಬೇಕಾಗಿತ್ತು. ಆರನೆಯ ಹಾಳೆಯಲ್ಲಿ, ದಂಡೆಯ ಒಂದು ಪಟ್ಟಿಯ ಸುತ್ತ, ಸಾಹೇಬರು ಚುಕ್ಕಿಗೆರೆ ಎಳೆದು ಒಳಗೆ ಸಣ್ಣ ಅಕ್ಷರದಲ್ಲಿ ‘ತಳ ಪರೀಕ್ಷೆಯಾಗಿಲ್ಲ’ ಎಂಬರ್ಥದ ಎರಡು ಮಾತು ಬರೆದಿದ್ದರು. ಕತ್ತಲಲ್ಲಿ ಕದ್ದು ಹೋಗಿ ಅಲ್ಲಿನ ಉಸುಕು ನೋಡಿಬರಬೇಕಾದವರಿಗೆ ಆ ಜಾಗ ಮುಟ್ಟಲು ಆಗಿರಲಿಲ್ಲವಂತೆ. ನಾನು ಆ ಮೂಲೆಗೆ ಬರುವ ಹೊತ್ತಿಗೆ ಮಕ್ಬುಲಸಾಬರು ನಗುತ್ತ ಬಂದು ಹೆಗಲು ತಟ್ಟಿದರು. ನನಗೆ ಬಡ್ತಿಯಾಗಿ ಹವಾಲ್ದಾರನ ಮೂರು ಪಟ್ಟಿ ಬಂದಿತ್ತು. ಎಲ್ಲರೂ ಚಹಾ ಕುಡಿಸಿದರು, ಯಾರೋ ಜಿಲೇಬಿ ತರಿಸಿದರು. ತಿರುಗಿ ಬಂದು ಕೂತಾಗ ಆ ಮೂಲೆ ಮುಗಿದಿದೆಯೆಂದು ತಿಳಿದು ಮುಂದಕ್ಕೆ ಹೋದೆ.

ಸಂಜೆ ಮಕ್ಬುಲಸಾಬರು ಕೇಳಿದರು: ‘ಎಲ್ಲಾ ಬಂತೇನಪಾ? ಏನೂ ಬಿಟ್ಟಿಲ್ಲಲ್ಲ?’

‘ಎಲ್ಲಾ ಬಂದೈತ್ರಿ,’ ಎಂದೆ.

ಅವರು ಹೋಲಿಸಿ ನೋಡಬೇಕಾಗಿತ್ತು. ನೋಡಲಿಲ್ಲ. ನನ್ನ ಮಾತಿನ ಮೇಲೆ ಸಹಿ ಹಾಕಿದರು.

ಮೂರನೆಯ ದಿನ ಮೂಲ ಹಾಳೆಗಳನ್ನು ಪೆಟ್ಟಿಗೆಗೆ ಹಾಕುವಾಗ ಆ ಚುಕ್ಕಿಗೆರೆ ಕಣ್ಣಿಗೆ ಬಿತ್ತು. ನಾನು ಮಸಿಯಲ್ಲಿ ತೆಗೆದದ್ದರಲ್ಲಿ ಅದು ಬಿಟ್ಟುಹೋಗಿತ್ತು. ಅಚ್ಚಾದ ಹಾಳೆಗಳು ಆಗಲೇ ಮೊಹರು ಬಿದ್ದು ಹೋಗಿದ್ದವು. ಆದರೂ ಹೊತ್ತು ಮೀರಿರಲಿಲ್ಲ. ಒಂದು ತಿದ್ದುಪಡಿಯ ಚೀಟಿ ಕಳಿಸಬಹುದಾಗಿತ್ತು. ಸಾಹೇಬರ ಕೋಣೆ ನನ್ನ ಮೇಜಿನಿಂದ ಹದಿನೈದು ಹೆಜ್ಜೆ. ಎದ್ದೆ, ಬಾಗಿಲವರೆಗೂ ಹೋದೆ. ಒಳಗೆ ಸಾಹೇಬರು ಟೆಲಿಫೋನಿನಲ್ಲಿ ಯಾರನ್ನೋ ಬಯ್ಯುತ್ತಿದ್ದರು. ನನ್ನ ತೋಳಿನ ಮೇಲೆ ಹೊಸ ಪಟ್ಟಿಗಳು ಇದ್ದವು. ಆ ದಾರ ಇನ್ನೂ ಹೊಳೆಯುತ್ತಿತ್ತು. ತಿರುಗಿ ಬಂದು ಕೂತೆ.

ಆಮೇಲೆ ಮಾಡಿದ್ದನ್ನು ಬರೆಯುವಾಗ ನನ್ನ ಕಿವಿ ಬಿಸಿಯಾಗುತ್ತಿದೆ. ರಬ್ಬರು ತೆಗೆದುಕೊಂಡು ಮೂಲ ಹಾಳೆಯ ಮೇಲಿನ ಚುಕ್ಕಿಗೆರೆಯನ್ನೂ ಆ ಎರಡು ಮಾತನ್ನೂ ಅಳಿಸಿದೆ. ಗುರುತು ಕಾಣದ ಹಾಗೆ, ಕಾಗದದ ಎಳೆ ಏಳದ ಹಾಗೆ, ಮೆಲ್ಲಗೆ ಅಳಿಸಿದೆ. ಬಿಟ್ಟದ್ದು ಮರೆವು, ಅದನ್ನು ಯಾರಾದರೂ ಕ್ಷಮಿಸಬಹುದು. ಅಳಿಸಿದ್ದು ಮರೆವಲ್ಲ.

ಆಗಸ್ಟಿನಲ್ಲಿ ಜಪಾನಿನವರು ಸೋತರೆಂಬ ಸುದ್ದಿ ಬಂದಾಗ ಮುಂಬಯಿಯಲ್ಲಿ ಜನ ಬೀದಿಯಲ್ಲಿ ಕುಣಿದರು. ನಾನು ಮಾತ್ರ ಕೋಣೆಗೆ ಹೋಗಿ ಗೋಡೆಗೆ ಹಣೆ ಹಚ್ಚಿ ನಿಂತೆ. ಇನ್ನು ಯಾರೂ ಆ ದಂಡೆಗೆ ಹೋಗುವುದಿಲ್ಲ, ನನ್ನ ತಪ್ಪು ಪೆಟ್ಟಿಗೆಯಲ್ಲೇ ಉಳಿಯುತ್ತದೆ ಎಂದು ದೇವರಿಗೆ ಕೈ ಮುಗಿದೆ. ಆದರೆ ಹಡಗುಗಳು ತುಂಬಿದ್ದವು, ದಿನ ನಿಶ್ಚಯವಾಗಿತ್ತು. ಅಷ್ಟು ದೊಡ್ಡ ಏರ್ಪಾಡನ್ನು ಬದಲಿಸುವುದಕ್ಕಿಂತ ಬರೆದಿಟ್ಟ ಹಾಗೆಯೇ ನಡೆಸುವುದು ಸುಲಭವೆಂದು ಮೇಲಿನವರು ತೀರ್ಮಾನಿಸಿದರು. ಶತ್ರುವಿಲ್ಲದಿದ್ದರೂ ಶತ್ರುವಿದ್ದ ಹಾಗೆಯೇ ಇಳಿಯಬೇಕು. ಮೇಜರ್ ಸಾಹೇಬರ ಜೊತೆಗೆ ಮಕ್ಬುಲಸಾಬರನ್ನೂ ನನ್ನನ್ನೂ ಹಡಗು ಹತ್ತಿಸಿದರು.

ಆ ಬೆಳಿಗ್ಗೆ ಮೋಡವಿತ್ತು. ಕಣ್ಣು ಹಾಯುವಷ್ಟು ದೂರ ಹಡಗುಗಳು. ಚಪ್ಪಟೆ ತಳದ ದೋಣಿಗಳು ದಂಡೆಗೆ ಬಂದು ಮುಂದಿನ ಬಾಗಿಲನ್ನು ನೀರಿಗೆ ಬೀಳಿಸುತ್ತಿದ್ದವು, ಒಳಗಿಂದ ಲಾರಿಗಳು ಗರ್ಜಿಸುತ್ತ ಇಳಿಯುತ್ತಿದ್ದವು. ನಾವು ಮೊದಲೇ ಇಳಿದು ಮೇಲೆ ಮರಗಳ ಹತ್ತಿರ ನಿಂತಿದ್ದೆವು. ಉಸುಕು ನೋಡಲು ಗಟ್ಟಿಯಾಗಿ, ತಿಳಿ ಬಣ್ಣದ್ದಾಗಿ, ಕಣದ ಹಾಗೆ ಸಾರಿಸಿಟ್ಟಂತಿತ್ತು. ಮೊದಲ ಲಾರಿ ಇಪ್ಪತ್ತು ಮಾರು ಬಂದು ಕುಸಿಯಿತು. ಅದರ ಹಿಂದಿನದು ಪಕ್ಕಕ್ಕೆ ಸರಿದು ಅಲ್ಲೇ ಹೂತುಹೋಯಿತು. ಎಳೆಯಲು ಬಂದ ಯಂತ್ರವೂ ಮುಳುಗಿತು. ಒಂದೇ ಕಡೆಯಲ್ಲ, ದಂಡೆಯುದ್ದಕ್ಕೂ ಎಷ್ಟೋ ಕಡೆ ಹೀಗಾಯಿತು. ಎಲ್ಲಾ ನನ್ನ ಒಂದು ಗೆರೆಯಿಂದಲೇ ಆಯಿತೆಂದು ಹೇಳಿದರೆ ಅದೂ ಒಂದು ಜಂಬವೇ ಆದೀತು. ಆದರೆ ನಾನು ಗುರುತು ಅಳಿಸಿದ ಪಟ್ಟಿ ಯಾವುದೆಂದು ನನಗೆ ಗೊತ್ತಿತ್ತು. ಆ ಪಟ್ಟಿಯಲ್ಲಿ ಓರೆಯಾಗಿ ಬಿದ್ದ ಲಾರಿಯ ನಂಬರೂ ಗೊತ್ತಿತ್ತು. ಪ್ರತಿ ಭಾನುವಾರ ಕನಕಪ್ಪ ಆ ನಂಬರನ್ನು ತನ್ನ ಎತ್ತಿನ ಹೆಸರಿನ ಹಾಗೆ ಹೇಳುತ್ತಿದ್ದ.

ಓಡಿದೆ. ರಾಡಿ ತೊಡೆಯವರೆಗೂ ಹಿಡಿಯಿತು, ಮೊಣಕೈಯೂರಿ ತೆವಳಿಕೊಂಡು ಹೋದೆ. ಲಾರಿ ಎಡಕ್ಕೆ ಮಗುಚಿತ್ತು. ಅವನ ಎಡಗಾಲು ಸೊಂಟದ ಕೆಳಗೆ ಕಬ್ಬಿಣದ ನಡುವೆ ಸಿಕ್ಕಿತ್ತು. ನನ್ನನ್ನು ನೋಡಿ ನಕ್ಕ.

‘ಬಂದ್ರ್ಯಾ? ಬರ್ರಿ ಬರ್ರಿ. ಕಾಲೊಂದು ಬಿಡಸ್ರಿ, ಉಳಿದದ್ದು ನಾ ನೋಡ್ಕೋತೀನಿ.’

ತೆಲುಗಿನವರು ಇಬ್ಬರು ಸನಿಕೆ ತಂದರು. ಅಗೆದಷ್ಟೂ ರಾಡಿ ತಿರುಗಿ ತುಂಬುತ್ತಿತ್ತು. ಹಗ್ಗ ಕಟ್ಟಿ ಎಳೆದೆವು. ಯಾವುದೂ ಅಲುಗಲಿಲ್ಲ. ನೀರು ಏರುತ್ತಿತ್ತು. ಎಷ್ಟು ನಿಮಿಷಕ್ಕೆ ಎಷ್ಟು ಏರುತ್ತದೆಂದು ನನಗೆ ಬಾಯಿಪಾಠವಿತ್ತು, ಆ ಪಟ್ಟಿಯನ್ನು ಬರೆದವನೂ ನಾನೇ. ಅವನಿಗೆ ಉಳಿದದ್ದು ಸುಮಾರು ಒಂದು ತಾಸು. ಗುಂಡಿಲ್ಲ, ಬಾಂಬಿಲ್ಲ. ದಂಡೆಯ ಮೇಲೆ ಆ ದೇಶದ ಜನ, ಹೆಂಗಸರು ಮಕ್ಕಳು, ನಿಂತು ನಮ್ಮನ್ನು ನೋಡುತ್ತಿದ್ದರು. ನೀರು ಗಂಟಲಿಗೆ ಬಂದಾಗ ನಾನು ಅವನ ತಲೆಯನ್ನು ಎರಡೂ ಕೈಯಿಂದ ಮೇಲೆತ್ತಿ ಹಿಡಿದೆ. ಆಮೇಲೆ ನೀರು ನನ್ನ ಕೈಯನ್ನೂ ದಾಟಿ ಮೇಲೆ ಬಂತು.

ಸಂಜೆ ನೀರು ಇಳಿದ ಮೇಲೆ ಅವನನ್ನು ಹೊರಗೆ ತೆಗೆದರು. ಮರಗಳ ಹತ್ತಿರ ಮಣ್ಣು ಮಾಡಿದೆವು. ಮುಖ ತೊಳೆದದ್ದು ನಾನು.

ಅಕ್ಕ, ಇದನ್ನು ನಾನು ಇಲ್ಲಿ ಯಾರಿಗೂ ಹೇಳಲಿಲ್ಲವೆಂದು ತಿಳಿಯಬೇಡ. ಕಾರ್ತಿಕದಲ್ಲಿ ಧೈರ್ಯ ಮಾಡಿ ಮೇಜರ್ ಸಾಹೇಬರ ಡೇರೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಹಡಗಿನಲ್ಲಿ ಜೊತೆಗೇ ಬಂದಿದ್ದ ಮೂಲ ಹಾಳೆಗಳ ಪೆಟ್ಟಿಗೆ ತರಿಸಿ ಆರನೆಯ ಹಾಳೆಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಿಂದ ನೋಡಿದರು. ಏನೂ ಕಾಣಲಿಲ್ಲ. ಹಾಗೆ ಬರೆದ ನೆನಪೂ ಅವರಿಗಿರಲಿಲ್ಲ. ‘ಇಲ್ಲಿ ಯಾವ ಗುರುತೂ ಇಲ್ಲ ಹವಾಲ್ದಾರ್. ಊರಿನವನನ್ನು ಕಳಕೊಂಡಿದ್ದೀ, ನಿನ್ನ ಮನಸ್ಸು ದಣಿದಿದೆ,’ ಎಂದು ಹಿಂದುಸ್ತಾನಿಯಲ್ಲಿ ಹೇಳಿ ನನ್ನನ್ನು ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರು ಗುಳಿಗೆ ಕೊಟ್ಟರು. ನಾನು ಅಷ್ಟು ಚೆನ್ನಾಗಿ ಅಳಿಸಿದ್ದೆ.

ನಂಬಿದವರು ಮಕ್ಬುಲಸಾಬರು ಒಬ್ಬರೇ. ‘ನಿನ್ನ ಮಾತು ಕೇಳಿ ನಾನೂ ಸಹಿ ಹಾಕೀನಲ್ಲೋ,’ ಎಂದರು. ಅಂದಿನಿಂದ ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ. ಎದುರಿಗೆ ಬಂದರೆ ದಾರಿ ಬಿಟ್ಟು ನಿಲ್ಲುತ್ತಾರೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಣೆಕಟ್ಟಿನ ಕೆಲಸದ ಮಾತು ಬರೆಯುತ್ತೇನೆಂದೆ. ಮಾವನವರಿಗೆ ಹೇಳು, ಅವರ ಶ್ರಮ ವ್ಯರ್ಥವಾದದ್ದಕ್ಕೆ ಕ್ಷಮಿಸಲಿ. ಜನ ನಂಬಿ ಕಾಲಿಡುವಂಥ ಯಾವ ನಕಾಶೆಯನ್ನೂ ನಾನು ಇನ್ನು ಬರೆಯುವುದಿಲ್ಲ. ಕುಕನೂರಿನ ನಮ್ಮ ಅಂಗಡಿಯಲ್ಲಿ ಅಪ್ಪ ಕೂರುತ್ತಿದ್ದ ಜಾಗ ಖಾಲಿಯಿದೆ, ಬೆಲ್ಲ ಉಪ್ಪು ತೂಗಿಕೊಂಡಿರುತ್ತೇನೆ.

ದುರುಗವ್ವನಿಗೆ ಈ ಪತ್ರವನ್ನು ಓದಿ ಹೇಳಬೇಡ. ನಿನ್ನ ಬಾಯಿಂದ ಹೇಳಿಸಿ ನಾನು ದೂರ ಉಳಿದರೆ ಅದು ಇನ್ನೊಂದು ಅಳಿಸಿದ ಹಾಗೆ. ಯುಗಾದಿಯ ಒಳಗೆ ನನಗೂ ಬಿಡುಗಡೆ ಇದೆ. ಬಾಣಾಪುರದಲ್ಲಿ ರೈಲು ಇಳಿದು ಕುಕನೂರಿಗೆ ಹೋಗದೆ ನೇರ ಮಂಗಳೂರಿಗೇ ಬರುತ್ತೇನೆ. ಅವಳ ಬಾಗಿಲಲ್ಲಿ ನಿಂತು ನಾನೇ ಹೇಳುತ್ತೇನೆ. ಎದೆಗೆ ಗುಂಡು ತಗೊಂಡ ಗಂಡನನ್ನು ಅವಳಿಂದ ಕಿತ್ತುಕೊಳ್ಳುತ್ತಿದ್ದೇನೆಂಬುದು ಗೊತ್ತು. ಅವಳಿಗಾಗಿ ಹೇಳುತ್ತೇನೋ ನನ್ನ ಭಾರ ಇಳಿಸಲು ಹೇಳುತ್ತೇನೋ, ಅದೂ ನನಗೆ ತಿಳಿಯದು. ಅವಳು ಚಪ್ಪಲಿ ತೆಗೆದುಕೊಂಡರೂ ನೀನು ಅಡ್ಡ ಬರಬೇಡ.

ಕಲ್ಲನ್ನು ಮಾತ್ರ ನಿಲ್ಲಿಸು. ಅವನ ಹೆಸರಿನ ಕಲ್ಲು ಬೇಡವೆನ್ನುವುದಿಲ್ಲ, ಬಂದೂಕು ಬೇಡ.

ಅವ್ವನಿಗೆ ಇದೇನೂ ತಿಳಿಯುವುದು ಬೇಡ. ಮಗಳು ನೂರು ಕಾಲ ಬಾಳಲಿ, ಮಾಮನ ನೆರಳು ಅವಳ ಮೇಲೆ ಬೀಳದಿರಲಿ. ನೀನು ಹಿರಿಯಳು, ಇಷ್ಟೆಲ್ಲ ಓದಿದ ಮೇಲೂ ಮನಸ್ಸಾದರೆ ನನ್ನ ತಲೆಯ ಮೇಲೆ ಒಮ್ಮೆ ಕೈ ಇಡು.

ನಿನ್ನ
ಹಂಪಣ್ಣ

ತಾ. ಕ.: ಮೇಲಿನದನ್ನು ಮಡಚಿ ಮಲಿಕಸಾಬನ ಕೈಗೆ ಕೊಟ್ಟಿದ್ದೆ. ತಿರುಗಿ ಇಸಿದುಕೊಂಡು ಇದನ್ನು ಬರೆಯುತ್ತಿದ್ದೇನೆ. ಇದು ನಿನಗೊಬ್ಬಳಿಗೆ.

ಕೊನೆಗೆ ಅವನು ದುರುಗವ್ವನ ಹೆಸರು ತೆಗೆಯಲಿಲ್ಲ. ನೀರು ಎದೆಗೆ ಬಂದಾಗ ನಗು ನಿಂತಿತು. ಕೈ ಎರಡೂ ನೀರಿನ ಮೇಲೆ ಎತ್ತಿ ನನಗೆ ಜೋಡಿಸಿದ. ‘ಹಂಪಣ್ಣಾರ, ನಂದ ತಪ್ಪಾತ್ರಿ. ನೀವು ಬರದ ದಾರಿ ಬಿಟ್ಟು ಎತ್ಲಾಗೋ ಗಾಲಿ ಹೊಳ್ಳಿಸೀನಿ ಕಾಣ್ತೈತಿ. ಇಷ್ಟು ಮಂದ್ಯಾಗ ನಿಮ್ಮ ನಕಾಶಿಗೆ ಕೆಟ್ಟ ಹೆಸರ ತಂದ್ನಿ. ತಪ್ಪು ಹೊಟ್ಯಾಗ ಹಾಕ್ಕೋರಿ,’ ಎಂದ.

ಅವನು ಗಾಲಿ ತಿರುಗಿಸಿರಲಿಲ್ಲ. ನಾನು ಬರೆದ ದಾರಿಯ ನಟ್ಟನಡುವೆ ಇದ್ದ. ಅದನ್ನು ಹೇಳಲು ಹೊತ್ತಿತ್ತು, ಬಾಯಿಯೂ ಇತ್ತು. ಸನಿಕೆ ಹಿಡಿದ ಇಬ್ಬರಿಗೆ ನಮ್ಮ ಮಾತು ತಿಳಿಯುತ್ತಲೂ ಇರಲಿಲ್ಲ. ನಾನು ಹೇಳಲಿಲ್ಲ. ‘ಇರ್ಲಿ ಬಿಡೋ ಕನಕಾ, ಆಗಿದ್ದಾತು,’ ಎಂದೆ. ಅವನ ಮುಖ ಹಗುರಾಯಿತು. ಅಕ್ಕ, ನನ್ನ ಎದೆಯೂ ಹಗುರಾಯಿತು.

ನಾನು ಅವನನ್ನು ಕ್ಷಮಿಸಿ ಕಳಿಸಿದೆ.